ಸತ್ಯಾಂಶ: ರಸ್ತೆ ಬದಿ ಬೀಜ ಎಸೆದರೆ ಕಾಡು ಬೆಳೆಯುತ್ತದೆಯೇ?

ಮಳೆಗಾಲ ಬಂತೆಂದರೆ ಈ ಮೆಸೇಜ್ ತಪ್ಪದೆ ಬರುತ್ತದೆ: "ಮಾವು, ಹಲಸು, ನೇರಳೆ ತಿಂದ ಮೇಲೆ ಬೀಜ ಒಣಗಿಸಿ ಇಡಿ. ಊರಿಗೆ ಹೋಗುವಾಗ ರಸ್ತೆ ಬದಿ ಎಸೆಯಿರಿ, ಕಾಡು ತಾನಾಗಿ ಬೆಳೆಯುತ್ತದೆ." ಮಕ್ಕಳ ಕೈಯಲ್ಲೂ ಇದನ್ನು ಮಾಡಿಸುತ್ತಾರೆ.

ಆಸೆ ಒಳ್ಳೆಯದೇ. ಆದರೆ ಈ ಮೂರೂ ಬೀಜಗಳು ಪೂರ್ತಿ ಒಣಗಿದರೆ ಸಾಯುತ್ತವೆ. ರಾಗಿ, ಹುರುಳಿಯ ಹಾಗೆ ಕಾಪಿಟ್ಟು ಬಿತ್ತಲು ಆಗುವುದಿಲ್ಲ. ಹಸಿಯಾಗಿರುವಾಗಲೇ ಮಣ್ಣು ಸೇರಬೇಕು. ಮೊಳೆತ ಮೇಲೂ ಮೇಕೆ ಮೇಯದಂತೆ ಕಾಯಬೇಕು, ಬೇಸಿಗೆ ದಾಟಿಸಬೇಕು.

ಮತ್ತೆ, ಎಲ್ಲ ಬಯಲೂ ಕಾಡಾಗಬೇಕಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. ಅಪಾಯವನ್ನು ದೂರದಿಂದಲೇ ಕಂಡು ಓಡುವ ಪ್ರಾಣಿ ಅದು. ಅದಕ್ಕೆ ಬೇಕಾದ್ದು ತೆರೆದ ಹುಲ್ಲುಗಾವಲು. ಅಲ್ಲಿ ಮರ ತುಂಬಿದರೆ ಅದರ ಮನೆಯೇ ಹೋಯಿತು, ಅಲ್ವಾ?

ಸಾಲುಮರದ ತಿಮ್ಮಕ್ಕ ದಂಪತಿ ಹುಲಿಕಲ್–ಕುದೂರು ರಸ್ತೆಯಲ್ಲಿ ಆಲದ ಸಸಿ ನೆಟ್ಟು ಸುಮ್ನೆ ಬಿಡಲಿಲ್ಲ. ಬಿಂದಿಗೆಯಲ್ಲಿ ನೀರು ಹೊತ್ತರು, ಮುಳ್ಳಿನ ಬೇಲಿ ಕಟ್ಟಿದರು. ಮಕ್ಕಳಿಗೆ ನೂರು ಬೀಜ ಎಸೆಯಲು ಹೇಳುವ ಬದಲು ಶಾಲೆಯ ಹಿತ್ತಲಲ್ಲಿ ಒಂದೇ ಒಂದು ನೇರಳೆ ಸಸಿ ವಹಿಸಿಕೊಡಿ. ಎರಡು ಬೇಸಿಗೆ ಅವರೇ ನೀರು ಹಾಕಲಿ.