ಬಡ್ಡಿ ಏರಿದರೆ ಪೀಣ್ಯದ ಹುಡುಗ ಯಾಕೆ ಮನೆಗೆ ಹೋಗಬೇಕು?

ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸಿತು ಅಂದ ಕೂಡಲೇ ಬೆಂಗಳೂರಿನ ನನ್ನ ನಂಟರು ಮನೆ ಸಾಲದ ಕಂತಿನ ಲೆಕ್ಕ ಹಾಕುತ್ತಾರೆ. ನನಗೆ ಮೊದಲು ನೆನಪಾಗುವುದು ಅಲ್ಲಿನ ಕೈಗಾರಿಕಾ ಪ್ರದೇಶ ಪೀಣ್ಯದ ಸಣ್ಣ ಶೆಡ್‌ಗಳು.

2022ರ ಮೇ ಶುರುವಿನಲ್ಲಿ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕ್‌ಗಳಿಗೆ ಸಾಲ ಕೊಡುವ ಬಡ್ಡಿ, ಶೇ 4 ಇತ್ತು. 2023ರ ಫೆಬ್ರವರಿಗೆ ಶೇ 6.5 ಆಯಿತು. ಬೆಲೆ ಏರಿಕೆ ತಡೆಯುವುದು ಮುಖ್ಯ ಕಾರಣ. ಅತ್ತ ಅಮೆರಿಕವೂ ಬಡ್ಡಿ ಏರಿಸುತ್ತಿತ್ತು. ಅಲ್ಲಿ ಜಾಸ್ತಿ ಬಡ್ಡಿ ಸಿಕ್ಕರೆ ಹೂಡಿಕೆಯ ದುಡ್ಡು ಆ ಕಡೆ ಹೋಗುತ್ತದೆ, ರೂಪಾಯಿ ಇಳಿಯುತ್ತದೆ. 2022ರಲ್ಲೇ ಡಾಲರ್ 80 ರೂಪಾಯಿ ದಾಟಿತು. ನಾವೂ ಬಡ್ಡಿ ಏರಿಸಿದರೆ ರೂಪಾಯಿಗೆ ಒಂದಿಷ್ಟು ಆಸರೆ, ನಿಜ. ಅದರ ಹೊರೆ ಬೀಳುವುದು ಸಾಲ ಮಾಡಿ ಯಂತ್ರ ಹಾಕಿದವರ ಮೇಲೆ. ಸಣ್ಣ ಉದ್ದಿಮೆಗಳ ಹೊಸ ಸಾಲದ ಬಡ್ಡಿಯನ್ನು ರೆಪೊದಂಥ ಹೊರಗಿನ ದರಕ್ಕೆ ಜೋಡಿಸಬೇಕು ಎಂಬ ನಿಯಮ 2019ರ ಅಕ್ಟೋಬರ್‌ನಿಂದ ಇದೆ. ಮುಂಬೈಯ ತೀರ್ಮಾನ ಮೂರು ತಿಂಗಳೊಳಗೆ ಪೀಣ್ಯದ ಕಂತಿಗೆ ಬಂದು ಕೂರುತ್ತದೆ.

ರೂಪಾಯಿ ಇಳಿದರೆ ರಫ್ತಿಗೆ ಲಾಭ ಅನ್ನುತ್ತಾರಲ್ವಾ? ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಗೆ ಹೌದು. ಅವರ ಬಿಲ್ ಡಾಲರ್‌ನಲ್ಲಿ, ಸಂಬಳ ರೂಪಾಯಿಯಲ್ಲಿ. ಹೊರದೇಶದ ಟೂಲ್, ಬೇರಿಂಗ್ ತರಿಸಿ ದೇಶದೊಳಗೇ ಮಾಲು ಮಾರುವ ಶೆಡ್‌ಗೆ ತರಿಸುವ ಖರ್ಚು ಏರುತ್ತದೆ; ಬಡ್ಡಿಯ ಮೇಲೆ ಇದು ಎರಡನೇ ಏಟು. ಮೊದಲು ಓವರ್‌ಟೈಮ್ ನಿಲ್ಲುತ್ತದೆ. ಆಮೇಲೆ ಒಂದು ಶಿಫ್ಟ್. ಆಮೇಲೆ ಗುತ್ತಿಗೆ ಹುಡುಗರು ಮನೆಗೆ.

ನಾನಿರುವ ಜರ್ಮನಿಯ ಸ್ಟಟ್‌ಗಾರ್ಟ್ ಕೂಡ ಯಂತ್ರಗಳ ಊರೇ. ಇಲ್ಲೂ ಆ ಎರಡು ವರ್ಷ ಬಡ್ಡಿ ಏರಿತು. ಏರಿಸಿದ್ದು ಯುರೋಪಿನ ಕೇಂದ್ರ ಬ್ಯಾಂಕ್. ಜರ್ಮನಿಗೆ ತನ್ನದೇ ಕರೆನ್ಸಿಯೂ ಇಲ್ಲ, ತನ್ನದೇ ಬಡ್ಡಿ ದರವೂ ಇಲ್ಲ. ಆದರೆ ಕುರ್ತ್ಸ್‌ಆರ್ಬೈಟ್ ಅನ್ನುವ ವ್ಯವಸ್ಥೆ ಇದೆ. ಆರ್ಡರ್ ಕಮ್ಮಿಯಾದಾಗ ಮಾಲೀಕರು ಜನರನ್ನು ತೆಗೆಯುವ ಬದಲು ಕೆಲಸದ ಗಂಟೆ ಇಳಿಸಬಹುದು. ಹಾಗೆ ಖೋತಾ ಆದ ಕೈಸಂಬಳದಲ್ಲಿ ಶೇ 60, ಮಕ್ಕಳಿದ್ದರೆ ಶೇ 67, ಸರ್ಕಾರಿ ಉದ್ಯೋಗ ಸಂಸ್ಥೆಯಿಂದ ಬರುತ್ತದೆ. ಮಾಲೀಕರೂ ಕೆಲಸಗಾರರೂ ಕಟ್ಟುವ ನಿರುದ್ಯೋಗ ವಿಮೆಯೇ ಅದರ ಮೂಲ. 2009ರಲ್ಲಿ ಜರ್ಮನಿಯ ಆರ್ಥಿಕತೆ ಶೇ 5ಕ್ಕೂ ಜಾಸ್ತಿ ಕುಸಿಯಿತು, ನಿರುದ್ಯೋಗ ಮಾತ್ರ ಹೆಚ್ಚೇನೂ ಏರಲಿಲ್ಲ. ಅದಕ್ಕೆ ಈ ವ್ಯವಸ್ಥೆಯೂ ಒಂದು ಕಾರಣ. ಪಳಗಿದ ಕೈಗಳು ಚದುರಿಹೋಗದ ಕಾರಣ ಆರ್ಡರ್ ಮರಳಿದಾಗ ಹೊಸಬರಿಗೆ ಕಲಿಸುತ್ತಾ ಕೂರಬೇಕಾಗಿರಲಿಲ್ಲ. ಇದರಲ್ಲೂ ಕೊರತೆ ಇದೆ. ಮುಳುಗುತ್ತಿರುವ ಕಂಪನಿಯನ್ನೂ ಕೆಲವೊಮ್ಮೆ ಸುಮ್ನೆ ಎಳೆದುಕೊಂಡು ಹೋಗುತ್ತದೆ. ಮಿನಿಜಾಬ್, ಅಂದರೆ ಕಡಿಮೆ ಸಂಬಳದ ಸಣ್ಣ ಕೆಲಸ, ಮಾಡುವವರಿಗೆ ಸಿಗುವುದಿಲ್ಲ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಕಾರ್ಮಿಕರ ವಿಮೆಯಾದ ಇಎಸ್‌ಐ ಅಡಿ 2018ರಿಂದ ಕೆಲಸ ಕಳೆದುಕೊಂಡವರಿಗೆ ನೆರವಾಗುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಇದೆ. 2020ರಲ್ಲಿ ಅದರ ನೆರವನ್ನು ಸರಾಸರಿ ದಿನಗೂಲಿಯ ಶೇ 25ರಿಂದ ಶೇ 50ಕ್ಕೆ ಏರಿಸಿದರು. ಹೆಚ್ಚೆಂದರೆ 90 ದಿನ. ಆದರೆ ಅದು ಸಿಗುವುದು ಕೆಲಸ ಹೋದ ಮೇಲೆ. ನನ್ನ ತಕರಾರು ಇರುವುದು ಅಲ್ಲೇ. ಅಷ್ಟು ಹೊತ್ತಿಗೆ ಹುಡುಗ ಬಾಡಿಗೆ ಮನೆ ಖಾಲಿ ಮಾಡಿ ಊರಿನ ಬಸ್ ಹತ್ತಿರುತ್ತಾನೆ. ಮಾಲೀಕರಿಗೂ ಅಂಥ ಕೈ ಮತ್ತೆ ಸಿಗುವುದು ಕಷ್ಟ.

ಬಡ್ಡಿ ಏರಿಸುವುದು ಬೇಡ ಅಂತ ನಾನು ಹೇಳುತ್ತಿಲ್ಲ. ರಿಸರ್ವ್ ಬ್ಯಾಂಕ್ ಬಡ್ಡಿ ಬಿಗಿ ಮಾಡುವಾಗ ಕೇಂದ್ರದ ಬಜೆಟ್ ಈ ಕಡೆ ಕೈ ಚಾಚಬೇಕು. ಶಿಫ್ಟ್ ಕಡಿತವಾದ ದಿನದಿಂದಲೇ ಇಎಸ್‌ಐ ನೆರವು ಶುರುವಾಗಲಿ. ಅದಕ್ಕೆ ಬಜೆಟ್‌ನಿಂದ ಒಂದು ಪಾಲು ಬರಲಿ. ಇಎಸ್‌ಐಗೆ ಸೇರಲು 2017ರಿಂದ ಇರುವ 21,000 ರೂಪಾಯಿ ತಿಂಗಳ ಸಂಬಳದ ಮಿತಿಯನ್ನು ಏರಿಸಲಿ. ಗುತ್ತಿಗೆಯವರನ್ನು ಮೊದಲ ದಿನದಿಂದಲೇ ಸೇರಿಸಲಿ, ಯಾಕೆಂದರೆ ಮೊದಲು ಹೊರಗೆ ಹೋಗುವವರು ಅವರೇ.