ಗಿಡ ನೆಟ್ಟರೆ ಸಾಕಾ?

ಹವಾಮಾನ ಬದಲಾವಣೆಗೆ ಗಿಡ ನೆಡುವುದೇ ಉತ್ತರವಾ? ಬೆಂಗಳೂರಿನ ಇಬ್ಬರ ಎರಡು ಮಾತು ಇಲ್ಲಿದೆ.

ಪರ: ಮೊದಲು ನೆರಳು, ಆಮೇಲೆ ಲೆಕ್ಕ

2024ರ ಏಪ್ರಿಲ್ 28, ಭಾನುವಾರ. ಬೆಂಗಳೂರಿನಲ್ಲಿ ಅವತ್ತು 38.5 ಡಿಗ್ರಿ ಬಿಸಿಲು. ಮಧ್ಯಾಹ್ನ ಜಯನಗರದಿಂದ ಸರ್ಜಾಪುರ ರಸ್ತೆ ಕಡೆಗಿನ ತಂಗಿ ಮನೆಗೆ ಸ್ಕೂಟರ್‌ನಲ್ಲಿ ಹೊರಟೆ. ನಮ್ಮ ಬ್ಲಾಕ್ ದಾಟುವ ತನಕ ಮರಗಳು ರಸ್ತೆಯ ಮೇಲೆ ಚಪ್ಪರ ಹಾಕಿದ್ದವು, ಏನೂ ಅನ್ನಿಸಲಿಲ್ಲ. ತಂಗಿಯ ಬಡಾವಣೆ ಹೊಸದು. ಅಲ್ಲಿ ಕೈಕಂಬದ ಗಾತ್ರದ ಗಿಡವೂ ಇಲ್ಲ. ಹತ್ತು ನಿಮಿಷ ಗೇಟಿನ ಹೊರಗೆ ನಿಲ್ಲಿಸಿದ ಸ್ಕೂಟರ್ ಸೀಟಿನ ಮೇಲೆ ಮತ್ತೆ ಕೂರಲಾಗಲಿಲ್ಲ.

ಇದು ಬರೀ ನನ್ನ ಅನಿಸಿಕೆ ಅಲ್ಲ. ನಮ್ಮ ಊರಿನ ಬೀದಿಮರಗಳ ಬಗ್ಗೆ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮರ ಇರುವ ರಸ್ತೆಯಲ್ಲಿ ಗಾಳಿಯ ಬಿಸಿ 5.6 ಡಿಗ್ರಿಯವರೆಗೆ ಕಡಿಮೆ ಇತ್ತು. ಟಾರಿನ ಬಿಸಿಯಲ್ಲಂತೂ 27.5 ಡಿಗ್ರಿಯವರೆಗೆ ವ್ಯತ್ಯಾಸ! ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದು ಹೇಗೆ? ಹೊರಗೆ ಜಿನುಗಿದ ತೇವ ಆರುವಾಗ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಎಲೆ ಮಾಡುವುದೂ ಅದನ್ನೇ. ಬೇರು ನೀರು ಎತ್ತುತ್ತದೆ, ಎಲೆ ಅದನ್ನು ಆವಿ ಮಾಡಿ ಬಿಡುತ್ತದೆ, ಸುತ್ತಲಿನ ಗಾಳಿ ತಂಪಾಗುತ್ತದೆ. ಜೊತೆಗೆ ನೆರಳು.

ನೆರಳಿಗೂ ಹವಾಮಾನಕ್ಕೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಸಂಬಂಧ ಕರೆಂಟ್ ಬಿಲ್ಲಿನಲ್ಲಿದೆ. ಒಂದು ಕಾಲಕ್ಕೆ ಫ್ಯಾನ್ ಕೂಡ ಬೇಡದ ಊರು ಇದು. ಈಗ ಏಸಿ ಇಲ್ಲದ ಫ್ಲ್ಯಾಟ್ ಹುಡುಕಬೇಕು. ಏಸಿ ಒಳಗಿನ ಬಿಸಿಯನ್ನು ಬೀದಿಗೆ ದೂಡುತ್ತದೆ, ಅದು ತಿನ್ನುವ ಕರೆಂಟಿಗೆ ಎಲ್ಲೋ ಕಲ್ಲಿದ್ದಲು ಉರಿಯುತ್ತದೆ. ಕಿಟಕಿ ಮುಂದೆ ಒಂದು ಹೊಂಗೆ ಇದ್ದರೆ ಆ ಏಸಿ ತಡವಾಗಿ ಆನ್ ಆಗುತ್ತದೆ. ಹೊಂಗೆಯ ಜಾಣತನ ನೋಡಿ, ಬೇಸಿಗೆ ಏರುವ ಹೊತ್ತಿಗೆ ಸರಿಯಾಗಿ ಹೊಸ ಎಲೆ ಹೊತ್ತು ನಿಂತಿರುತ್ತದೆ. ಟಬೂಬಿಯಾ ಹೂವಿನ ಫೋಟೋ ತೆಗೆಯುವ ನಾವು ಹೊಂಗೆಯ ಫೋಟೋ ತೆಗೆಯುವುದಿಲ್ಲ, ಅದು ಬೇರೆ ಮಾತು.

ಇಂಗಾಲದ ಲೆಕ್ಕವೂ ಸಣ್ಣದಲ್ಲ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಇಂಗಾಲ. ಅದೆಲ್ಲ ಗಾಳಿಯಿಂದಲೇ, ಭೂಮಿಯನ್ನು ಬಿಸಿಮಾಡುವ ಇಂಗಾಲದ ಡೈಆಕ್ಸೈಡ್‌ನಿಂದಲೇ ಬಂದದ್ದು. 2030ರೊಳಗೆ ಕಾಡು ಮತ್ತು ಮರಗಳ ಮೂಲಕ ಇನ್ನೂ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹಿಡಿದಿಡುತ್ತೇವೆ ಅಂತ ಭಾರತ ಜಗತ್ತಿಗೆ ಮಾತು ಕೊಟ್ಟಿದೆ.

'ನೆಟ್ಟದ್ದೆಲ್ಲ ಸಾಯುತ್ತೆ ಬಿಡಿ' ಅನ್ನುವವರಿಗೆ ಎರಡು ಹೆಸರು ಹೇಳುತ್ತೇನೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಈ ಊರಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದರು. ಇವತ್ತು ನಾವು ಗಾಡಿ ನಿಲ್ಲಿಸಲು ಹುಡುಕುವ ನೆರಳಿನಲ್ಲಿ ಅವರ ಪಾಲು ದೊಡ್ಡದು. ಇನ್ನೊಬ್ಬರು ಸಾಲುಮರದ ತಿಮ್ಮಕ್ಕ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಗಂಡ ಚಿಕ್ಕಯ್ಯನ ಜೊತೆ ಆಲದ ಸಾಲು ಬೆಳೆಸಿದವರು. ಆಕೆ ನೆಟ್ಟದ್ದಕ್ಕಿಂತ ನೀರು ಹೊತ್ತದ್ದೇ ಜಾಸ್ತಿ. ಬಿಂದಿಗೆ ಹೊರುವವರು ಇದ್ದರೆ ಗಿಡ ಉಳಿಯುತ್ತದೆ.

ವಿರೋಧ: ಮರ ಬೇಕು, ನೆಪ ಬೇಡ

ಮರ ಬೇಡ ಅನ್ನುವವನು ಈ ಊರಲ್ಲಿ ಯಾರೂ ಇಲ್ಲ, ನಾನೂ ಅಲ್ಲ. 2016ರ ಅಕ್ಟೋಬರ್‌ನಲ್ಲಿ ಸ್ಟೀಲ್ ಫ್ಲೈಓವರ್ ಬೇಡ ಅಂತ ಕೈಕೈ ಹಿಡಿದು ನಿಂತ ಸಾಲಿನಲ್ಲಿ ನಾನೂ ಇದ್ದೆ. ಆ ಯೋಜನೆಗೆ 800ಕ್ಕೂ ಹೆಚ್ಚು ಮರ ಉರುಳಬೇಕಿತ್ತು. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ನೆರಳಿನ ವಾದವನ್ನು ಪೂರ್ತಿ ಒಪ್ಪುತ್ತೇನೆ. ಆದರೆ ನನ್ನ ಬೀದಿ ತಂಪಾಗುವುದು ಬೇರೆ, ಭೂಮಿಯ ಜ್ವರ ಇಳಿಯುವುದು ಬೇರೆ. ಎರಡನ್ನೂ ಒಂದೇ ಖಾತೆಗೆ ಹಾಕಿದಾಗ ನನಗೆ ತಕರಾರು.

ಲೆಕ್ಕ ನನ್ನಿಂದಲೇ ಶುರುವಾಗಲಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ವೈಟ್‌ಫೀಲ್ಡ್‌ಗೆ ಕಾರಿನಲ್ಲಿ ಹೋಗಿ ಬಂದರೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಕೃಪೆಯಿಂದ ನನಗೆ 4 ಲೀಟರ್ ಬೇಕು. ಅಂದರೆ ದಿನಕ್ಕೆ 9 ಕೆಜಿ. ಚೆನ್ನಾಗಿ ಬೆಳೆದ ಮರ ವರ್ಷಕ್ಕೆ ಹೀರುವುದು 20 ಕೆಜಿ ಆಸುಪಾಸು. ಜಾತಿ, ಮಣ್ಣು, ನೀರು ನೋಡಿಕೊಂಡು ಹೆಚ್ಚುಕಮ್ಮಿ ಆಗಬಹುದು. ನಾನು ಎರಡು ದಿನ ಆಫೀಸಿಗೆ ಹೋದರೆ ಒಂದು ಮರದ ವರ್ಷದ ದುಡಿಮೆ ಖತಂ. ವರ್ಷಕ್ಕೆ 250 ದಿನ ಅಂದರೆ ನನ್ನೊಬ್ಬನಿಗೇ 115 ಮರ ಬೇಕು, ಅದೂ ಬೆಳೆದ ಮರ. ಸಸಿ ಆ ಮಟ್ಟಕ್ಕೆ ಬರಲು ವರ್ಷಗಳೇ ಬೇಕು. ಕಲ್ಲಿದ್ದಲು, ಪೆಟ್ರೋಲ್, ಗ್ಯಾಸು ಉರಿಸಿ ಜಗತ್ತು ವರ್ಷಕ್ಕೆ ಬಿಡುವುದು ಸುಮಾರು 3,700 ಕೋಟಿ ಟನ್. ಯಾವ ಗುದ್ದಲಿ ಹಿಡಿದು ಇದನ್ನು ಹೂಳುತ್ತೀರಿ?

ಇನ್ನೊಂದು ವಿಷಯ. ಕಲ್ಲಿದ್ದಲಿನ ಇಂಗಾಲ ಕೋಟ್ಯಂತರ ವರ್ಷ ನೆಲದೊಳಗೆ ಸುಮ್ಮನೆ ಮಲಗಿತ್ತು. ಮರದ್ದು ಹಾಗಲ್ಲ, ಅದು ಕೈಗಡ. ಮೇ ತಿಂಗಳ ಒಂದು ಮಳೆಗೆ ನಮ್ಮಲ್ಲಿ ಎಷ್ಟು ಮರ ಬೀಳುತ್ತವೆ ನೋಡಿ. ಬುಡದ ತನಕ ಕಾಂಕ್ರೀಟ್ ಸುರಿದರೆ ಬೇರು ಎಲ್ಲಿಗೆ ಹೋಗಬೇಕು? ಬಿದ್ದ ಮರ ಸೌದೆಯಾಗಿ ಉರಿದರೆ ಅಥವಾ ಕೊಳೆತರೆ ಹಿಡಿದಿದ್ದೆಲ್ಲ ಮತ್ತೆ ಗಾಳಿಗೆ.

ಎಲ್ಲಿ, ಯಾವ ಗಿಡ ಅನ್ನುವುದೂ ಪ್ರಶ್ನೆಯೇ. ಭೂಮಿಯ ಮೇಲೆ ಇನ್ನೂ 90 ಕೋಟಿ ಹೆಕ್ಟೇರ್‌ನಲ್ಲಿ ಮರ ಬೆಳೆಸಬಹುದು ಅಂತ 2019ರಲ್ಲಿ ಜ್ಯೂರಿಕ್‌ನ ವಿಜ್ಞಾನಿಗಳ ತಂಡ ಲೆಕ್ಕ ಕೊಟ್ಟಿತು. ಸುದ್ದಿಯೋ ಸುದ್ದಿ. ನೀವು ಹುಲ್ಲುಗಾವಲನ್ನೂ ಖಾಲಿ ಜಾಗ ಅಂತ ಎಣಿಸಿದ್ದೀರಿ ಎಂದು ಬೇರೆ ವಿಜ್ಞಾನಿಗಳು ತಕ್ಷಣ ಆಕ್ಷೇಪಿಸಿದರು. ನಮ್ಮ ಊರಿನ ಹೊರಗಿನ ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗಿ ಬಂದವರಿಗೆ ಈ ಆಕ್ಷೇಪ ಅರ್ಥವಾಗುತ್ತದೆ. ನೋಡಲು ಪಾಳುಬಿದ್ದ ಬಯಲು. ಚಳಿಗಾಲದಲ್ಲಿ ದೂರದೇಶದ ಬೇಟೆಹಕ್ಕಿಗಳು ಇಳಿಯುವುದು ಅಲ್ಲಿಯೇ. ಹುಲ್ಲು ತನ್ನ ಇಂಗಾಲವನ್ನು ನೆಲದೊಳಗೆ ಕೂಡಿಡುತ್ತದೆ, ಬೆಂಕಿ ಬಿದ್ದರೂ ಅದು ಸೇಫ್. ಅಂಥ ಕಡೆ ಗುಂಡಿ ತೋಡಿ ಮರ ನೆಟ್ಟರೆ ಹಕ್ಕಿಯೂ ಹೋಯಿತು, ಹುಲ್ಲೂ ಹೋಯಿತು.

ಈ ಪಾಠ ನಮ್ಮ ಸೀಮೆಗೆ ಹೊಸದಲ್ಲ. ಸಾಮಾಜಿಕ ಅರಣ್ಯದ ಹೆಸರಲ್ಲಿ ಬಯಲುಸೀಮೆಗೆಲ್ಲ ನೆಲದ ನೀರು ಹೀರುವ ನೀಲಗಿರಿ ಬಂತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೇ ನುಗ್ಗಿ ನೀಲಗಿರಿ ಸಸಿ ಕಿತ್ತೆಸೆದು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. ಅವರು ಮರದ ವಿರೋಧಿಗಳಾ? ನೀಲಗಿರಿ ನೆಡಬಾರದು ಅಂತ ಸರ್ಕಾರ ಹೇಳುವ ಹೊತ್ತಿಗೆ 2017 ಬಂದಿತ್ತು.

ನನಗೆ ಸಿಟ್ಟು ಬರುವುದು ಅದಲುಬದಲಿನ ಮಾತಿಗೆ. 'ಒಂದು ಕಡಿದರೆ ಹತ್ತು ನೆಡುತ್ತೇವೆ.' ಅರವತ್ತು ವರ್ಷದ ಮಳೆಮರಕ್ಕೆ ಹತ್ತು ಕಡ್ಡಿ ಸಮ ಅಂತೆ! ಹಾಗೆ ಹೇಳಿದ ಮೇಲೆ ರಸ್ತೆ ಅಗಲ ಮಾಡುವುದಕ್ಕೂ ಅಡ್ಡಿಯಿಲ್ಲ, ಇನ್ನಷ್ಟು ಕಾರು ತರುವುದಕ್ಕೂ ಅಡ್ಡಿಯಿಲ್ಲ. ಬಸ್ಸು, ಮೆಟ್ರೋ, ಚಾವಣಿ ಮೇಲೆ ಸೋಲಾರ್ ಅಂದರೆ ಖರ್ಚು, ಜಗಳ. ಗಿಡ ಅಂದರೆ ಬ್ಯಾನರ್, ಲಡ್ಡು, ಫೋಟೋ.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಗುಂಡಿ ಇದೆ. ಈ ಜೂನ್ 5ಕ್ಕೆ ಅಲ್ಲಿ ಮೂರನೇ ಸಸಿ ನೆಟ್ಟರು. ಹಿಂದಿನ ಎರಡೂ ಅದೇ ಗುಂಡಿಯಲ್ಲೇ ಒಣಗಿದ್ದು. ನೀರು ಯಾರು ಹಾಕ್ತಾರೆ ಅಂತ ಕೇಳಿದೆ. 'ಮಳೆ ಬರುತ್ತಲ್ಲ ಸಾರ್' ಅಂದರು.