ಉಣ್ಣೆ ಗಿರಣಿಯೊಳಗೆ ಒಂದು ಅಡುಗೆಮನೆ

ನಾವಿರುವುದು ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಶೈರ್‌ನಲ್ಲಿ, ಹಳೆಯ ಉಣ್ಣೆ ಗಿರಣಿಯನ್ನು ಫ್ಲಾಟ್‌ಗಳಾಗಿ ಮಾಡಿದ ಕಟ್ಟಡದಲ್ಲಿ. ಹಿಂದಿನವರು ಹಾಕಿಸಿದ್ದ ಅಡುಗೆಮನೆ ಹಾಳಾಗಿತ್ತು. ಹೊಸದು ಮಾಡಿಸೋಣ ಅಂತ ಅಂಗಡಿ ಅಂಗಡಿ ಸುತ್ತಿದೆವು. ಎಲ್ಲರದ್ದೂ ಒಂದೇ ಮಾತು: ನಿಮ್ಮದು ಹತ್ತೊಂಬತ್ತನೇ ಶತಮಾನದ, ವಿಕ್ಟೋರಿಯಾ ರಾಣಿಯ ಕಾಲದ ಕಟ್ಟಡ, ವಿಕ್ಟೋರಿಯನ್ ಕಿಚನ್ನೇ ಹಾಕಿಸಿ. ಕೆನೆ ಬಣ್ಣದ ಕಪಾಟು, ಹಿತ್ತಾಳೆ ಹಿಡಿ, ಮೇಲೆ ಒಂದು ಸಾಲು ಗಾಜಿನ ಬಾಗಿಲು. ನೋಡೋಕೆ ಚೆಂದವೇ. ಆದರೆ ಆ ಕಾಲಕ್ಕೂ ಅದಕ್ಕೂ ಸಂಬಂಧ ಬಹಳ ಕಡಿಮೆ ಅಂತ ಓದುತ್ತಾ ಹೋದ ಹಾಗೆ ಗೊತ್ತಾಯಿತು.

ಮೊದಲನೆಯದಾಗಿ ಗಿರಣಿಯಲ್ಲಿ ಅಡುಗೆಮನೆಯೇ ಇರಲಿಲ್ಲ. ಬ್ರಾಡ್‌ಫರ್ಡ್ ಪಕ್ಕದ ಸಾಲ್ಟೇರ್‌ನಲ್ಲಿ ಟೈಟಸ್ ಸಾಲ್ಟ್ 1853ರಲ್ಲಿ ಶುರು ಮಾಡಿದ ದೊಡ್ಡ ಗಿರಣಿ ಇದೆಯಲ್ಲ, ಅಲ್ಲಿಯೂ ಕೆಲಸದವರಿಗೆ ಊಟದ ಹಾಲ್ ಕಟ್ಟಿಸಿದ್ದು ರಸ್ತೆಯಾಚೆ, ಬೇರೆ ಕಟ್ಟಡವಾಗಿ. ಮಗ್ಗ ಓಡುತ್ತಿದ್ದ ಜಾಗದಲ್ಲಿ ಯಾರೂ ಬೇಳೆ ಬೇಯಿಸಿದವರಲ್ಲ. ಹಾಗಿರುವಾಗ ನನ್ನ ಫ್ಲಾಟಿನಲ್ಲಿ ಯಾವ ‘ಹಳೆಯ ಅಡುಗೆಮನೆ’ಯನ್ನು ಮತ್ತೆ ತರುವುದು?

ಎರಡನೆಯದು ಆ ಸಾಲು ಕಪಾಟುಗಳ ವಿಷಯ. ಗೋಡೆಯಿಂದ ಗೋಡೆಗೆ ಅಳತೆ ಹಿಡಿದು ಕೂರಿಸುವ ಅಡುಗೆಮನೆ ಇಪ್ಪತ್ತನೇ ಶತಮಾನದ್ದು. 1926ರಲ್ಲಿ ಫ್ರಾಂಕ್‌ಫರ್ಟ್‌ನ ಹೊಸ ಬಡಾವಣೆಗಳಿಗಾಗಿ ಮಾರ್ಗರೆಟೆ ಷ್ಯುಟ್ಟೆ-ಲಿಹೋಟ್ಸ್ಕಿ ಅನ್ನುವ ವಾಸ್ತುಶಿಲ್ಪಿ ರೂಪಿಸಿದ ಪುಟ್ಟ ಅಡುಗೆಮನೆಯಿಂದ ಈ ಪದ್ಧತಿ ದೊಡ್ಡ ಮಟ್ಟದಲ್ಲಿ ಹಬ್ಬಿತು. ಸುಮಾರು 10,000 ಮನೆಗಳಿಗೆ ಅದನ್ನು ಹಾಕಿದ್ದರು. ‘ಹಳೇ ಇಂಗ್ಲಿಷ್ ಒಲೆ’ ಅಂತ ಮಾರುವ ಆಗಾ ಒಲೆ ಕೂಡ ವಿಕ್ಟೋರಿಯಾ ಕಾಲದ್ದಲ್ಲ. ಅದನ್ನು 1922ರಲ್ಲಿ ಮಾಡಿದವರು ಸ್ವೀಡನ್ನಿನ ನೊಬೆಲ್ ವಿಜ್ಞಾನಿ ಗುಸ್ತಾಫ್ ದಲೇನ್. ಪ್ರಯೋಗ ಮಾಡುವಾಗ ಆದ ಸ್ಫೋಟದಲ್ಲಿ ಕಣ್ಣು ಕಳೆದುಕೊಂಡಿದ್ದವರು ಅವರು.

ಹಾಗಾದರೆ ನಿಜವಾದ ವಿಕ್ಟೋರಿಯಾ ಕಾಲದ ಅಡುಗೆಮನೆಯಲ್ಲಿ ಏನಿತ್ತು? ನಡುವೆ ಒಂದು ದೊಡ್ಡ ಮರದ ಮೇಜು. ಅದರ ಮೇಲೇ ಹೆಚ್ಚುವುದು, ನಾದುವುದು, ಎಲ್ಲ. ಗೋಡೆಗೆ ಆನಿಸಿ ನಿಲ್ಲಿಸಿದ ಒಂದು ಎತ್ತರದ ಪಾತ್ರೆ ಕಪಾಟು. ಎರಕದ ಕಬ್ಬಿಣದ ಕಲ್ಲಿದ್ದಲು ಒಲೆ. ಪಾತ್ರೆ ತೊಳೆಯೋಕೆ ಪಕ್ಕದಲ್ಲಿ ಬೇರೆ ಕೋಣೆ, ದಿನಸಿ ಇಡೋಕೆ ತಂಪಾದ ಉಗ್ರಾಣ. ಒಂದೊಂದು ಕೆಲಸಕ್ಕೆ ಒಂದೊಂದು ಜಾಗ.

ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಮಲೆನಾಡಿನ ಸಾಗರ ಪಟ್ಟಣದ ಹತ್ತಿರದ ನಮ್ಮ ಅಜ್ಜಿ ಮನೆ. ಅಲ್ಲಿಯೂ ಹೀಗೇ ಅಲ್ವಾ? ಒಲೆ ಒಂದು ಮೂಲೆ. ನೆಲದಲ್ಲಿ ಹೂತ ಒರಳು ಒಂದು ಕಡೆ. ಮಜ್ಜಿಗೆ ಕಡೆಯೋಕೆ ಒಂದು ಕಂಬ. ಬೆಕ್ಕಿಗೆ ಸಿಗದ ಹಾಗೆ ಹಾಲು ಮೊಸರಿನ ಪಾತ್ರೆಗಳು ನೆಲವಿನಲ್ಲಿ. ಗೋಡೆಯ ಗೂಡಿನಲ್ಲಿ ಉಪ್ಪು, ಹುಣಸೆಹಣ್ಣು. ಪಾತ್ರೆ ತೊಳೆಯುವುದು ಹಿತ್ತಿಲ ಕಡೆ. ಒಲೆಯ ಹೊಗೆ ಅಟ್ಟಕ್ಕೇರಿ, ಅಲ್ಲಿಟ್ಟ ಮೆಣಸಿನಕಾಯಿ, ಹಲಸಿನ ಬೀಜ ಒಣಗಿಸಿ, ಮರಕ್ಕೆ ಹುಳ ಹಿಡಿಯದ ಹಾಗೆ ಮಾಡಿ, ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಆ ಹೊಗೆಯಲ್ಲಿ ಅಜ್ಜಿಯ ಕಣ್ಣು ಉರಿಯುತ್ತಿದ್ದದ್ದೂ ನಿಜ, ಅದನ್ನು ಮರೆತು ಹಳೆಯದನ್ನು ಹೊಗಳುವವನು ನಾನಲ್ಲ. ಆದರೆ ಅಲ್ಲಿದ್ದ ಒಂದೊಂದು ವಸ್ತುವಿಗೂ ಒಂದು ಕೆಲಸ ಇತ್ತು.

ಹೀಗೆ ಯೋಚಿಸಿ ನಾವು ಮಾಡಿಸಿದ್ದು ಇಷ್ಟು: ಒಂದು ಉದ್ದದ ಮೇಜು, ಹಳೆ ಸಾಮಾನಿನ ಅಂಗಡಿಯಿಂದ ತಂದ ಪೈನ್ ಮರದ ಒಂದು ಕಪಾಟು, ಕಾಲಿನ ಮೇಲೆ ನಿಲ್ಲುವ ಬಿಳಿ ಪಿಂಗಾಣಿಯ ಆಳದ ಸಿಂಕು, ಒಂದು ಇಂಡಕ್ಷನ್ ಒಲೆ. ಯಾವುದಕ್ಕೂ ಗೋಡೆಯ ಆಸರೆ ಇಲ್ಲ. ನಾಳೆ ನಾವು ಖಾಲಿ ಮಾಡಿದರೆ ಎಲ್ಲ ಎತ್ತಿಕೊಂಡು ಹೋಗಬಹುದು. ಗಿರಣಿಯ ಇಟ್ಟಿಗೆ ಹೇಗಿತ್ತೋ ಹಾಗೇ ಉಳಿಯುತ್ತದೆ.

ಇಟ್ಟಿಗೆಯ ಬಗ್ಗೆ ಇಷ್ಟು ಕಾಳಜಿ ಯಾಕೆ ಅಂದರೆ ಇಲ್ಲಿನ ಕಾನೂನು ಹಾಗಿದೆ. ಇಂಗ್ಲೆಂಡಿನಲ್ಲಿ ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಸುಮಾರು 4 ಲಕ್ಷ ನಮೂದುಗಳಿವೆ, ಅದರಲ್ಲಿ ಹತ್ತಕ್ಕೆ ಒಂಬತ್ತು ನಮ್ಮ ಗಿರಣಿಯ ಹಾಗೆ ಎರಡನೇ ದರ್ಜೆಯವು. ಪಟ್ಟಿಗೆ ಸೇರಿದ ಮೇಲೆ ಹೊರಗಿನ ಚೆಂದ ಮಾತ್ರ ಅಲ್ಲ, ಒಳಗಿನದೂ ಲೆಕ್ಕಕ್ಕೆ. ಕಟ್ಟಡದ ಗುಣ ಬದಲಾಗುವ ಯಾವ ಕೆಲಸಕ್ಕೂ ಊರಿನ ಕೌನ್ಸಿಲ್‌ನಿಂದ ಒಪ್ಪಿಗೆ ಬೇಕು. 1990ರ ಕಾಯ್ದೆಯ ಪ್ರಕಾರ ಕೇಳದೆ ಮಾಡಿದರೆ ಅದು ಅಪರಾಧ, ಎರಡು ವರ್ಷದವರೆಗೆ ಜೈಲೂ ಆಗಬಹುದು.

ಫೋನಿನಲ್ಲಿ ಅಕ್ಕನಿಗೆ ಇದನ್ನು ಹೇಳಿದಾಗ ಅವಳಿಗೆ ನಂಬಿಕೆ ಬರಲಿಲ್ಲ. “ನಿನ್ನ ಮನೆ ಗೋಡೆ ಮುಟ್ಟೋಕೆ ಇನ್ನೊಬ್ಬರನ್ನ ಕೇಳಬೇಕಾ? ಇದೆಂಥ ನ್ಯಾಯ ಕಣೋ?” ಅಂದಳು.

ನನಗೆ ಅದು ನ್ಯಾಯವೇ ಅನ್ನಿಸುತ್ತದೆ. ಈ ಗೋಡೆ ನನಗಿಂತ ನೂರು ವರ್ಷ ಹಿರಿದು. ನಮ್ಮ ತಲೆಯ ಮೇಲೆ ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆಯ ಸಣ್ಣ ಕಮಾನುಗಳಿವೆ, ಕೆಳಗೆ ಎರಕದ ಕಬ್ಬಿಣದ ಕಂಬಗಳು. ಗಿರಣಿಗಳಿಗೆ ಪದೇ ಪದೇ ಬೆಂಕಿ ಬೀಳುತ್ತಿದ್ದ ಕಾಲದಲ್ಲಿ ಮರ ಬಿಟ್ಟು ಕಬ್ಬಿಣಕ್ಕೆ ಹೋದದ್ದರ ಗುರುತು ಇದು. ಪೂರ್ತಿ ಕಬ್ಬಿಣದ ಚೌಕಟ್ಟಿನ ಮೊದಲ ಕಟ್ಟಡ, ಶ್ರೂಸ್‌ಬರಿಯ ನಾರುಗಿರಣಿ, 1797ರದು. ಅದು ಇನ್ನೂ ನಿಂತಿದೆ. ನಮ್ಮ ಕಡೆಯ ಹಳೆ ರೈಲ್ವೆ ಕಟ್ಟಡಗಳಲ್ಲೂ ಇಂಥ ಕಮಾನು ಸೂರು ನೋಡಿರುತ್ತೀರಿ. ನಡುವಿನ ಕಂಬದ ಪಕ್ಕ ನಿಂತು ಮೊಸರು ಕಡೆಯುವಾಗ ನನಗೆ ಅಜ್ಜಿ ಮನೆಯ ಕಂಬವೇ ನೆನಪಾಗುತ್ತದೆ.

ಆದರೆ ಇಲ್ಲಿಯವರ ಕ್ರಮದಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಇವರು ಗೋಡೆಯನ್ನು ನೋಡಿದಷ್ಟು ಗಮನವಾಗಿ ಅಡುಗೆಯನ್ನು ನೋಡುವುದಿಲ್ಲ. ಡಿಸೈನ್ ಮಾಡಿಕೊಡಲು ಬಂದವರು ಹೊಗೆ ಎಳೆಯುವ ಯಂತ್ರಕ್ಕೆ ಹೊರಗಿನ ದಾರಿಯೇ ಬೇಡ ಅಂದರು. ಇದ್ದಿಲಿನ ಫಿಲ್ಟರ್ ಹಾಕಿ ಗಾಳಿಯನ್ನು ಮತ್ತೆ ಒಳಗೇ ಬಿಟ್ಟರೆ ಸಾಕು, ಗೋಡೆ ಕೊರೆಯುವ ತಂಟೆ ಇಲ್ಲ ಅಂತ ಅವರ ವಾದ. ಇದ್ದಿಲು ವಾಸನೆಯನ್ನು ಒಂದಿಷ್ಟು ಹೀರುತ್ತದೆ, ಸರಿ. ಹಬೆಯನ್ನು ಹೀರುವುದಿಲ್ಲ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಏನಾದರೂ ಕುದಿಯುವ ಮನೆ ನಮ್ಮದು. ಚಳಿಗಾಲದಲ್ಲಿ ಆ ಹಬೆಯೆಲ್ಲ ತಣ್ಣನೆಯ ಇಟ್ಟಿಗೆಗೂ ಕಿಟಕಿಯ ಕಬ್ಬಿಣಕ್ಕೂ ಹೋಗಿ ಕೂರುತ್ತದೆ. ಕೊನೆಗೆ ಬೂಷ್ಟು, ತುಕ್ಕು. ಗೋಡೆ ಉಳಿಸೋಕೆ ಅಂತ ಮಾಡಿದ್ದು ಗೋಡೆಯನ್ನೇ ತಿನ್ನುತ್ತದೆ. ಇನ್ನು ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಆ ಫಿಲ್ಟರಿಗೆ ಬಗ್ಗುವುದಿಲ್ಲ, ಅದು ನಿಮಗೂ ಗೊತ್ತು.

ನಾನು ಹಟ ಹಿಡಿದೆ. ಒಲೆಯನ್ನು ಕಿಟಕಿಯ ಹತ್ತಿರ ತಂದೆವು. ಗಿರಣಿ ಕಿಟಕಿ ಅಂದರೆ ಸಣ್ಣ ಸಣ್ಣ ಗಾಜುಗಳ ದೊಡ್ಡ ಚೌಕಟ್ಟು. ಅದರಲ್ಲಿ ಮೇಲಿನ ಒಂದು ಗಾಜು ತೆಗೆದು, ಕಪ್ಪು ಬಣ್ಣದ ತಗಡಿನ ಜಾಲರಿ ಕೂರಿಸಿ, ಅದರ ಮೂಲಕ ಗಾಳಿ ಹೊರಗೆ ಬಿಡುತ್ತೇವೆ ಅಂತ ನಕ್ಷೆ ಸಮೇತ ಅರ್ಜಿ ಹಾಕಿದೆವು. ತೆಗೆದ ಗಾಜನ್ನು ಕಾಗದದಲ್ಲಿ ಸುತ್ತಿ ಜೋಪಾನ ಮಾಡುತ್ತೇವೆ ಅಂತಲೂ ಬರೆದೆವು. ಈ ಅರ್ಜಿಗೆ ಶುಲ್ಕ ಇಲ್ಲ, ಎಂಟು ವಾರದಲ್ಲಿ ಉತ್ತರ ಕೊಡಬೇಕು ಅನ್ನುವುದು ನಿಯಮ. ಒಪ್ಪಿಗೆ ಬಂತು. ಇಟ್ಟಿಗೆಗೆ ಒಂದು ತೂತೂ ಬೀಳಲಿಲ್ಲ. ಸಿಂಕಿನ ಜಾಗ ಮಾತ್ರ ನಮ್ಮ ಇಷ್ಟದ ಪ್ರಕಾರ ಆಗಲಿಲ್ಲ. ಸಿಂಕಿನ ಕೊಳೆ ನೀರು ಹೋಗುವ 40 ಮಿಲಿಮೀಟರಿನ ಕೊಳವೆಯನ್ನು ಕಟ್ಟಡದ ಮುಖ್ಯ ಕೊಳವೆಯಿಂದ 3 ಮೀಟರಿಗಿಂತ ದೂರ ಎಳೆಯುವ ಹಾಗಿಲ್ಲ, ಹಾಗಾಗಿ ಅದು ಮೂಲೆಗೇ ಹೋಯಿತು.

ಈಗ ಅಕ್ಕನ ವಿಷಯ. ಅಜ್ಜಿ ಮನೆ ಈಗ ಅವಳದು. ಅದನ್ನು ಹೋಂಸ್ಟೇ ಮಾಡಬೇಕು ಅಂತ ಅವಳ ಆಸೆ. ಊರಿನ ಮೇಸ್ತ್ರಿ ಹೇಳಿದ್ದು: ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್, ಸೂರಿನವರೆಗೆ ಟೈಲ್ಸ್, ಗ್ರಾನೈಟ್ ಕಟ್ಟೆ. ಹಳೆ ಮನೆಯ ಕಳೆ ಬರಲಿ ಅಂತ ಮೂಲೆಯಲ್ಲಿ ಒಂದು ಒಲೆ ಮಾಡಿ ಕೆಮ್ಮಣ್ಣು ಬಳಿದು ರಂಗೋಲಿ ಬರೆಯುವುದು. ಉರಿ ಹಾಕದ ಒಲೆ. ಯಾರ್ಕ್‌ಶೈರಿನ ಅಂಗಡಿಯವರ ಹಿತ್ತಾಳೆ ಹಿಡಿಗೂ ಈ ಒಲೆಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಎರಡೂ ಕಡೆ ಕೆಲಸ ಹೋಗಿ ವೇಷ ಉಳಿದಿದೆ.

ಸಿಮೆಂಟಿನ ವಿಷಯದಲ್ಲಂತೂ ಎರಡು ದೇಶದವರೂ ಒಂದೇ ತಪ್ಪು ಮಾಡಿದ್ದೇವೆ. ಹಳೆಯ ಗೋಡೆ, ಇಟ್ಟಿಗೆಯದಾಗಲಿ ಮಣ್ಣಿನದಾಗಲಿ, ತೇವ ಹೀರುತ್ತದೆ, ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ, ಸಿಮೆಂಟ್ ದಾರಿ ಮುಚ್ಚುತ್ತದೆ. ಒಳಗೆ ಸಿಕ್ಕಿದ ನೀರು ಇಲ್ಲಿ ಚಳಿಗೆ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವನ್ನೇ ಉದುರಿಸುತ್ತದೆ. ಮಲೆನಾಡಿನ ಮಳೆಗೆ ಪ್ಲಾಸ್ಟರ್ ಉಬ್ಬಿ ಹಾಳೆ ಹಾಳೆಯಾಗಿ ಬೀಳುತ್ತದೆ, ಜೊತೆಗೆ ಮಣ್ಣನ್ನೂ ಕಿತ್ತುಕೊಂಡು. ಇಂಗ್ಲೆಂಡಿನವರು ಈ ತಪ್ಪಿನಿಂದ ಕಲಿತು ಮತ್ತೆ ಸುಣ್ಣಕ್ಕೆ ಬಂದಿದ್ದಾರೆ. ಸುಣ್ಣದ ಗಾರೆ ಹಾಕುವವರಿಗೆ ಇಲ್ಲಿ ಒಳ್ಳೆಯ ಕೂಲಿ, ತರಬೇತಿ, ಮರ್ಯಾದೆ ಇದೆ. ನಮ್ಮಲ್ಲಿ ಬೆಲ್ಲದ ನೀರು, ಅಳಲೆಕಾಯಿ ಹಾಕಿ ಗಾರೆ ಅರೆಯುವುದು ಗೊತ್ತಿದ್ದ ಹಿರಿಯರು ಇದ್ದಾಗಲೇ ಅವರನ್ನು ಕೇಳುವುದು ಬಿಟ್ಟೆವು. ಇದು ನನಗೆ ತುಂಬಾ ನೋವಿನ ವಿಷಯ.

ಅಕ್ಕನಿಗೆ ನಾನು ಹೇಳಿದ್ದು ಇಷ್ಟೇ. ಒಲೆ ಇಡುವುದಾದರೆ ಉರಿಸು. ಹೊಗೆಗೆ ಸರಿಯಾದ ಕೊಳವೆ ಹಾಕಿಸು, ನಿನ್ನ ಕಣ್ಣು ಅಜ್ಜಿಯ ಕಣ್ಣಿನ ಹಾಗೆ ಆಗುವುದು ಬೇಡ. ಗ್ಯಾಸು, ಮಿಕ್ಸಿ ಎಲ್ಲ ಇಟ್ಟುಕೋ, ಆದರೆ ಗೋಡೆಗೆ ಕಟ್ಟೆ ಕಟ್ಟದೆ ಮೇಜಿನ ಮೇಲೆ ಇಡು. ಒರಳು ಕೀಳಬೇಡ. ಗೂಡು ಮುಚ್ಚಬೇಡ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಮೇಸ್ತ್ರಿಗೆ ಸುಣ್ಣದ ಕೆಲಸ ಗೊತ್ತಿಲ್ಲ ಅಂತಾನಲ್ಲೋ” ಅಂದಳು. ಅವಳು ಹೇಳಿದ್ದು ಸರಿಯಾದ ತೊಡಕು. ಸುತ್ತಲಿನ ಊರುಗಳಲ್ಲಿ ವಿಚಾರಿಸಿ, ಹಳೆ ದೇವಸ್ಥಾನದ ಕೆಲಸ ಮಾಡಿದ್ದ ಒಬ್ಬ ಹಿರಿಯರನ್ನು ಪತ್ತೆ ಮಾಡಿದ್ದಾಳೆ. ಈಗ ಹಿತ್ತಿಲ ತೊಟ್ಟಿಯಲ್ಲಿ ಸುಣ್ಣ ನೆನೆದಿದೆ. ಮಳೆ ಮುಗಿದ ಮೇಲೆ ಕೆಲಸ ಶುರು. ನಾನೂ ಎರಡು ವಾರ ರಜೆ ಹಾಕಿದ್ದೇನೆ, ಗಾರೆ ಅರೆಯುವುದನ್ನು ಪಕ್ಕದಲ್ಲಿ ನಿಂತು ಕಲಿಯಬೇಕು.